ಅಪ್ಪ ಒರೆಸಿದ ಹನ್ನೊಂದು ಗಾಜು

ಷ್ಟುಟ್‌ಗಾರ್ಟ್, ಸೆಪ್ಟೆಂಬರ್ 22, ಗುರುವಾರ

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ಬೋರ್ಕುಮ್ ದ್ವೀಪದ ಗಾಳಿ ಹಿಡಿಸಿತಾ? ಡಾಕ್ಟರು ಹೇಳಿದಂತೆ ದಿನಾ ಕಡಲದಂಡೆಯಲ್ಲಿ ನಡೆಯುತ್ತಿದ್ದೀಯೋ, ಇಲ್ಲಾ ಆರೈಕೆ ಮನೆಯ ಕಿಟಕಿಗಳನ್ನೆಲ್ಲ ಒರೆಸುತ್ತಿದ್ದೀಯೋ? ಒರೆಸುವ ಮಾತು ಸುಮ್ಮನೆ ತೆಗೆಯಲಿಲ್ಲ, ಮುಂದೆ ಓದು.

ನೀನು ಹೊರಡುವ ಹಿಂದಿನ ದಿನ ನಮ್ಮ ಸಂಸ್ಥೆಯ ತಾರಸಿಯಲ್ಲಿ ಹನ್ನೆರಡು ಸೌರಫಲಕ ತೋರಿಸಿದೆನಲ್ಲ. ಗಾಜಿನೊಳಗೆ ಅಂಟು ಹಾಕಿ ಮುಚ್ಚಿರುವುದು ಬಿಸಿಲನ್ನು ವಿದ್ಯುತ್ತಾಗಿಸುವ ಪೆರೋವ್‌ಸ್ಕೈಟ್ ಎಂಬ ತೆಳು ಪದರ. ತೇವ ತಾಗಿದರೆ ಅದರ ಕಥೆ ಮುಗಿಯಿತು. ಬಿಸಿಲು, ಹಿಮದಲ್ಲಿ ಎಷ್ಟು ವರ್ಷ ಬಾಳುತ್ತದೆಂದು ನೋಡಲು ಮೂರು ವರ್ಷದಿಂದ ಅವನ್ನು ಯಾರೂ ಮುಟ್ಟಿಲ್ಲ. ಮುಟ್ಟಬಾರದೆಂಬುದೇ ಪರೀಕ್ಷೆಯ ನಿಯಮ. ನೀನು ಮಾತ್ರ, "ಏನೇ ಸಿಬಿಲ್ಲೆ, ಇಷ್ಟು ಓದಿದೋರು ಗಾಜು ಒರೆಸಲ್ವಾ? ನಮ್ಮ ಬೀದೀಲಿ ಗುಡಿಸೋ ಸರದಿ ತಪ್ಪಿಸಿದ್ರೆ ಪಕ್ಕದ್ಮನೆಯೋರು ಮಾತೇ ಬಿಡ್ತಾರೆ" ಎಂದೆ. ನಾನು ನಕ್ಕು ಕಾಫಿ ತರಲು ಕೆಳಗಿಳಿದೆ. ಅಲ್ಲೇ ನಾನು ಎಡವಿದ್ದು.

ಸೋಮವಾರ ನೋಡಿದರೆ, ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದ ಹನ್ನೊಂದು ಫಲಕಗಳ ವಿದ್ಯುತ್ತು ಒಮ್ಮೆಲೇ ಏರಿತ್ತು. ನಮ್ಮ ಮುಖ್ಯಸ್ಥೆ ಫ್ರೌ ಗೈಸರ್ "ತಾವಾಗೇ ವಾಸಿ ಆಗ್ತಿವೆ ಕಣ್ರೀ!" ಎಂದು ಕುಣಿದಾಡಿದರು, ಗುರುವಾರದ ಸಭೆಯಲ್ಲಿ ಹಾಗೇ ಸಾರುವುದೆಂದೂ ಹೇಳಿದರು. ನಾನು ತಾರಸಿ ಹತ್ತಿದೆ. ಗಾಜು ಫಳಫಳ, ಕಂಬಿಯ ಮೇಲೆ ನೀನು ಸದಾ ಜೇಬಲ್ಲಿಟ್ಟುಕೊಳ್ಳುವ ಚರ್ಮದ ಒರೆಸುಬಟ್ಟೆ, ನೀಟಾಗಿ ನಾಲ್ಕು ಮಡಿಕೆ. ಒರೆಸಿದ್ದು ನೀನೇ ಅಪ್ಪಾ. ಹೇಳಿದರೆ ಮೂರು ವರ್ಷದ ಕೆಲಸ ನೀರುಪಾಲು, ಹೇಳದಿದ್ದರೆ ಸುಳ್ಳಿಗೆ ನನ್ನ ಸಹಿ.

ಹೇಳಿಬಿಟ್ಟೆ. ಫ್ರೌ ಗೈಸರ್ ಐದು ನಿಮಿಷ ಬೈದರು, ಆಮೇಲೆ ಅಂಕಿಗಳನ್ನು ಹೊಸದಾಗಿ ಲೆಕ್ಕ ಹಾಕಲು ಕೂತರು. ಮೊದಲ ದಿನ ನೂರು ಪಾಲು ವಿದ್ಯುತ್ತು ಕೊಟ್ಟ ಫಲಕ, ಒರೆಸಿದ ಮೇಲೆ ನೋಡಿದರೆ ಈಗಲೂ ತೊಂಬತ್ತೆರಡು ಕೊಡುತ್ತಿದೆ. ಪದರ ಸಾಯುತ್ತಿದೆ ಎಂದು ನಾವು ಬರೆದಿಟ್ಟಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಬರೀ ಪಕ್ಕದ ರೈಲುಹಳಿಯ ಧೂಳು, ಪಾರಿವಾಳದ ಕೃಪೆ! ಇವತ್ತು ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆವು, ನಿನ್ನ ಹೆಸರು, ಒರೆಸಿದ ತಾರೀಖು ಎಲ್ಲ ಸಮೇತ. ಪರೀಕ್ಷೆ ಮುಂದುವರಿಯುತ್ತದೆ. ಇವು ಇಪ್ಪತ್ತು ವರ್ಷ ಬಾಳುತ್ತವೆ, ಬೇಕಾದರೆ ಬರೆದಿಟ್ಟುಕೋ.

ಅಲ್ಲಿನ ನಿನ್ನ ಇಸ್ಪೀಟು ಗೆಳೆಯರಿಗೆಲ್ಲ ನನ್ನ ನಮಸ್ಕಾರ. ಬೆಚ್ಚಗಿರು.

ನಿನ್ನ ಮಗಳು,
ಸಿಬಿಲ್ಲೆ

ಮರೆತಿದ್ದೆ: ಹನ್ನೆರಡನೆಯದನ್ನು ನೀನು ಯಾಕೆ ಬಿಟ್ಟೆ ಎಂದು ಈಗಷ್ಟೇ ತಿಳಿಯಿತು. ಅದರ ಅಂಚಿನ ಅಂಟು ಕೂದಲೆಳೆಯಷ್ಟು ಬಿಟ್ಟುಕೊಂಡಿದೆ, ಒಳಗೆ ಹಳದಿ ಕಲೆ. ನಮಗ್ಯಾರಿಗೂ ಕಾಣದ್ದು ನಲವತ್ತು ವರ್ಷ ಕಿಟಕಿಗೆ ಗಾಜು ಕೂರಿಸಿದ ನಿನಗೆ ಕಂಡಿತ್ತು. ನೀರಿಳಿದೀತೆಂದು ಒರೆಸಲಿಲ್ಲ, ನನಗೆ ನೋವಾದೀತೆಂದು ಹೇಳಲಿಲ್ಲ. ಇನ್ನು ಮುಂದೆ ಹೇಳಪ್ಪಾ. ಹಿಮ ಬೀಳುವ ಮುಂಚೆ ಉಳಿದ ಹನ್ನೊಂದರ ಅಂಚನ್ನೂ ನೀನೇ ನೋಡಬೇಕು, ಬೇಗ ವಾಸಿಯಾಗಿ ಬಾ. ಒರೆಸುಬಟ್ಟೆ ನನ್ನ ಮೇಜಿನ ಡ್ರಾಯರಿನಲ್ಲಿದೆ, ಬೀಗ ಹಾಕಿದ್ದೇನೆ.