ಬಂಗ್ಲೆಯಲ್ಲಿ ಕಂಡವಳು

ನವೆಂಬರ್ 4, 2024. ಸೋಮವಾರ
ಬೆಳಗ್ಗೆಯಿಂದ ಜೀನ್ಸ್‌ಗೆ ಜೇಬು ಹೊಲಿಗೆ. ಕರೆಂಟ್ ಬಂದು ಹೋಗಿ ಮಾಡಿತು. ಪಕ್ಕದ ಮಷೀನಿನ ಗಂಗೋತ್ರಿ ಮೊಬೈಲಿನಲ್ಲಿ ದೆವ್ವದ ವಿಡಿಯೊ ತೋರಿಸಿದಳು. ಕುರುಗೋಡಿನಾಚೆ, ಹೊಲಗಳ ನಡುವಿನ ಪಾಳು ಬಂಗ್ಲೆ. ನಿಕಾಹ್ ದಿನ ನೇಣು ಹಾಕಿಕೊಂಡ ಇರ್ಫಾನಾ ಅಲ್ಲಿ ಬಿಳಿ ಬಟ್ಟೆಯಲ್ಲಿ ತಿರುಗುತ್ತಾಳಂತೆ. ಸಿರುಗುಪ್ಪ ಕಡೆಯ ಲಾರಿಗಳಿಗೆ ಕೈ ಅಡ್ಡ ಹಿಡಿಯುತ್ತಾಳಂತೆ.

ಇರ್ಫಾನಾ ನನ್ನ ತಂಗಿ. ಗಂಗೋತ್ರಿಗೆ ಗೊತ್ತಿಲ್ಲ.

ನಿಕಾಹ್ ಎಲ್ಲಿಂದ ಬಂತು? ಹತ್ತಿ ಬಿಡಿಸಲು ಹೋಗಿದ್ದಳು. ಮಳೆ ಬಂತು, ಬಂಗ್ಲೆಯಲ್ಲಿ ನಿಂತಳು, ಗೋಡೆ ಕುಸಿಯಿತು. ಅಷ್ಟೇ. ಮೈಮೇಲಿದ್ದುದು ನನ್ನ ಹಳೆಯ ಹಸಿರು ಚೂಡಿದಾರ್. ಎರಡು ವರ್ಷವಾಯಿತು. ಆಮೇಲೆಯೇ ನಾನು, ಅಮ್ಮಿ ಊರು ಬಿಟ್ಟು ಬಳ್ಳಾರಿಗೆ ಬಂದದ್ದು.

ನವೆಂಬರ್ 7
ಅಮ್ಮಿಗೆ ಗೊತ್ತಾಗಿದೆ. ನಲ್ಲಿ ಹತ್ತಿರ ಯಾರೋ ಹೇಳಿದರಂತೆ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಕಾಣುತ್ತಾಳಂತಲ್ಲ, ಹೋಗಿ ನೋಡಿ ಬರೋಣ ಅಂದಳು. ಸುಳ್ಳು ಎಂದೆ. ಇಷ್ಟು ಮಂದಿ ಸುಳ್ಳು ಹೇಳುತ್ತಾರಾ ಎಂದು ಕೇಳಿದಳು.

ನವೆಂಬರ್ 10, ಭಾನುವಾರ. ಸಂಜೆ
ಹೋಗಿ ಬಂದೆವು. ಬಸ್ಸಿಳಿದು ಹೊಲದ ದಾರಿ. ಅಮ್ಮಿಯ ಕಣ್ಣಿಗೆ ಪೊರೆ — ಕೈ ಹಿಡಿದೇ ನಡೆಸಿದೆ. ಬಂಗ್ಲೆಯ ಗೋಡೆ ತುಂಬ ಯಾರು ಯಾರದೋ ಹೆಸರು ಗೀಚಿದ್ದಾರೆ. ಬಾಟಲಿ ಚೂರು. ಅಮ್ಮಿ ಮುಂದಿನ ಕಟ್ಟೆಯ ಮೇಲೆ ಕೂತು ಒಂದೇ ಸಮ ಕರೆದಳು, ಊಟಕ್ಕೆ ಕರೆಯುವ ಹಾಗೆ. ಪಾರಿವಾಳ ಬಿಟ್ಟರೆ ಏನೂ ಅಲುಗಲಿಲ್ಲ. ನಾನೂ ಕಾದೆ. ಯಾಕೆ ಬರೆಯಬಾರದು... ಕಾದೆ.

ಬಸ್ಸಿನಲ್ಲಿ ಅಮ್ಮಿ ಕೇಳಿದಳು: "ಲಾರಿಯವರಿಗೆಲ್ಲ ಕಾಣ್ತಾಳ. ನನಗ್ಯಾಕ ಕಾಣಲಿಲ್ಲ, ಸುಹಾನಾ? ನನ್ನ ಮ್ಯಾಲ ಸಿಟ್ಟೈತೇನು?"



ನವೆಂಬರ್ 29
ಬರೆಯಲು ಮನಸ್ಸಿರಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಅಮ್ಮಿ ಒಬ್ಬಳೇ ಬಂಗ್ಲೆ ಕಡೆಯ ಬಸ್ ಹತ್ತುತ್ತಿದ್ದಾಳಂತೆ. ಇವತ್ತು ಮಾರೆಣ್ಣ ಕರೆತಂದು ಬಿಟ್ಟ. ಬಂಗ್ಲೆ ಪಕ್ಕದ ಹೊಲದವನು. ತಂಗಿಯನ್ನು ಮಣ್ಣಿನಿಂದ ಎತ್ತಿದ್ದು ಅವನೇ.

"ಬಿಳಿ ಓಢಣಿ ಹೊದ್ದು ಅಲ್ಲೇ ಕುಂತಿರ್ತಾರ. ಮಂದಿ ದೆವ್ವ ಅಂತ ಕಲ್ಲು ಒಗೀತಾರ. ಕಳಿಸಬ್ಯಾಡಮ್ಮ."

ಅಮ್ಮಿಯ ಮೊಣಕೈ ಬಾತಿದೆ. ಹೊರಗಿನಿಂದ ಬೀಗ ಹಾಕಿ ಹೋಗಬೇಕೇ? ಹೆತ್ತವಳಿಗೆ?

ಡಿಸೆಂಬರ್ 3. ಸಂಜೆ
ಹೊಸ ವಿಡಿಯೊ ಬಂದಿದೆ. 'ಕೊನೆಗೂ ಕ್ಯಾಮೆರಾಗೆ ಸಿಕ್ಕ ಇರ್ಫಾನಾ'. ದೂರದಿಂದ ತೆಗೆದದ್ದು. ಮಸುಕು. ಕಟ್ಟೆಯ ಮೇಲೆ ಬಿಳಿ ಓಢಣಿ, ಬಾಗಿದ ಬೆನ್ನು. ನೋಡಿದ ತಕ್ಷಣ ಗೊತ್ತಾಯಿತು. ಅಮ್ಮಿ.

ಆರಿಸುವಷ್ಟರಲ್ಲಿ ಇರ್ಫಾನಾ ಎಂಬ ಹೆಸರು ಅಮ್ಮಿಯ ಕಿವಿಗೆ ಬಿತ್ತು. ಮೊಬೈಲ್ ತೆಗೆದುಕೊಂಡು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು.

"ಬಂದಾಳ ನೋಡು. ಎಷ್ಟು ಸೊರಗ್ಯಾಳ ನನ್ನ ಮಗಳು."

ತಂಗಿ ಹೋದ ಮೇಲೆ ಮೊದಲ ಸಲ ನಕ್ಕಳು. ಈಗ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ನಾಳೆ ಒಯ್ಯಲು. ಹೇಳಬೇಕು. ಪಕ್ಕದಲ್ಲಿ ಕೂತು, ಕೈ ಹಿಡಿದು — ಅಮ್ಮಿ, ಅದು...

ಕರೆಯುತ್ತಿದ್ದಾಳೆ. ಇನ್ನೊಂದು ಸಲ ತೋರಿಸು ಅಂತ. ನಾನು...