ಗುಡ್ಡ ಹತ್ತದೆ ಬರುವ ದಾರಿ

ಅಪ್ಪನಿಗೆ ನಮಸ್ಕಾರ.

ಮೂರು ಕಡೆ ಗುಡ್ಡ, ಒಂದು ಕಡೆ ಹೊಳೆ ಇರುವ ನಮ್ಮೂರಿಗೆ ಸೋಮವಾರ ಸುರಂಗ ತೆರೆಯಿತು. ನಿಮ್ಮೂರಿನಿಂದ ಒಂದು ದಿನದ ಹಾದಿ ಈಗ ಹನ್ನೆರಡೇ ನಿಮಿಷ. ಬೇಕರಿಯವರು ಮೊದಲ ಬಸ್ಸಿನ ಡ್ರೈವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು!

ನನ್ನ ಮದುವೆಯ ದಿನ ನೀವು, "ಆ ಬಂಡೆ ಒಡೆಯೋನ ಮನೆಗೆ ಗುಡ್ಡ ಹತ್ತಿ ನಾನು ಬರಲ್ಲ" ಅಂದಿರಿ. ಏಳು ವರ್ಷ ಮಾತಿಗೆ ತಪ್ಪಲಿಲ್ಲ. ನಿಮ್ಮ ಅಳಿಯ ಎದುರಾಡಲಿಲ್ಲ. ಏಳು ವರ್ಷವೂ ಆ ಗುಡ್ಡವನ್ನೇ ಕೊರೆದರು.

ಇನ್ನು ಹತ್ತುವ ಮಾತೇ ಇಲ್ಲ. ಭಾನುವಾರ ಬನ್ನಿ. ಅಟ್ಟದ ಮೇಲಿರುವ ನನ್ನ ಹೊಲಿಗೆ ಮಷೀನನ್ನೂ ತನ್ನಿ. ಸುರಂಗದೊಳಗೆ ಚಳಿ, ಸ್ವೆಟರ್ ಹಾಕಿಕೊಳ್ಳಿ. ನೀವಿನ್ನೂ ನೋಡದ ಮೊಮ್ಮಗಳು ಸುರಂಗದ ಬಾಯಲ್ಲೇ ನಿಂತಿರುತ್ತಾಳೆ. ಗುರುತು ಸಿಗದೆ ಇರದು, ಮೂಗು ನಿಮ್ಮದೇ.

ಇಂತಿ,
ನಿಮ್ಮಷ್ಟೇ ಹಟದ ಮಗಳು