ಕೋವಿಯ ಮೇಲಿನ ಎಲೆಗಳು

ಮಂಗಳವಾರ, ಬೆಳಿಗ್ಗೆ

ಪುಟ್ಟಿ, ನನ್ನ ಕಂದಾ,

ನೀವಿಬ್ಬರೂ ಚೆನ್ನಾಗಿದ್ದೀರೆಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ಭಾನುವಾರ ಅಳಿಯಂದಿರು ತಾವು ಕೊಂಡ, ನಿಮ್ಮಪ್ಪ ಕಟ್ಟಿ ನಾನು ಕೆತ್ತಿದ ಆ ಜೋಡಿ ನಳಿಗೆಯ ಕೋವಿಯನ್ನು ಹಾರಿಸಬಾರದು. ನಿನ್ನೆ ಫೋನಿನಲ್ಲಿ ಅವರಿಗೇ ಹೇಳಿದೆ. ನೀವೇ ಕೆತ್ತಿದ್ದನ್ನ ನೀವೇ ನಂಬಲ್ವಾ ಅತ್ತೆ ಅಂತ ನಕ್ಕುಬಿಟ್ಟರು. ನಿನ್ನ ಮಾತಾದರೆ ಕೇಳಿಯಾರು.

ಅವರು ಬರೆದ ಕಾಗದದಲ್ಲಿ ಒಳ್ಳೆಯ ಕೋವಿಯ ಲಕ್ಷಣಗಳ ಪಟ್ಟಿಯೇ ಇತ್ತು. ನೇರವಾದ ಹಿಡಿಮರ, ಎರಡು ಟ್ರಿಗರ್, ಪಕ್ಕದಲ್ಲಿ ಉದ್ದನೆಯ ತಗಡು, ಅದರ ತುಂಬ ಬಳ್ಳಿಯ ಕೆತ್ತನೆ. ಹಳೆಯ ಮಾದರಿ ಅಂದಮೇಲೆ ಗಟ್ಟಿಯಾಗಿಯೇ ಇರುತ್ತದೆಂದು ತಿಳಿದುಬಿಟ್ಟಿದ್ದಾರೆ, ಪಾಪ. ಹಿಡಿ ನೇರವಾಗಿರುವುದು ಮುಂದಿನ ಟ್ರಿಗರಿನಿಂದ ಹಿಂದಿನದಕ್ಕೆ ಕೈ ಸಲೀಸಾಗಿ ಜಾರಲಿ ಅಂತ. ಅದರಿಂದ ಉಕ್ಕೇನೂ ಗಟ್ಟಿಯಾಗುವುದಿಲ್ಲ. ಆ ತಗಡಿನ ಹಿಂದೆ ಯಂತ್ರವಿಲ್ಲ, ಬರೀ ಪೊಳ್ಳು. ಮೇಲೆ ಕಾಣುವ ಮೂರು ತಿರುಪಿನ ತಲೆಗಳನ್ನು ನಾನೇ ಕೆತ್ತಿದ್ದು, ಅವು ಏನನ್ನೂ ಹಿಡಿದಿಲ್ಲ. ನೋಡೋರಿಗೆ ಇವೆಲ್ಲ ಬೇಕು ಕಣೇ ಅಂತ ಅದನ್ನು ಕಟ್ಟುವಾಗ ನಿಮ್ಮಪ್ಪ ನಗುತ್ತಿದ್ದರು.

ಇನ್ನು ನಾನು ಮುಚ್ಚಿಟ್ಟಿದ್ದು. ನಳಿಗೆ ಬಂದು ಕೂರುವ ಉಕ್ಕಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಮೂರು ತಿಂಗಳು ಕೂತು ಬಳ್ಳಿ ಕೆತ್ತಿ ಇನ್ನೇನು ಮುಗಿಯಿತು ಅನ್ನುವಾಗ ಕಣ್ಣಿಗೆ ಬಿತ್ತು. ಹೇಳಿದ್ದರೆ ಇಡೀ ತುಂಡು ಗುಜರಿಗೆ ಹೋಗುತ್ತಿತ್ತು. ಜೀವ ಒಪ್ಪಲಿಲ್ಲ. ಬಿರುಕಿನ ಮೇಲೆ ಐದು ಎಲೆ ಕೆತ್ತಿದೆ. ಅಷ್ಟು ಚಂದದ ಎಲೆಗಳು ಮತ್ತೆಂದೂ ನನ್ನ ಕೈಯಿಂದ ಬರಲಿಲ್ಲ. ಆ ಕೋವಿ ಎಷ್ಟೋ ಸಲ ಸರಿಯಾಗೇ ಹಾರುತ್ತದೆ. ಒಂದು ದಿನ ಹೊಡೆದ ಕ್ಷಣಕ್ಕೆ ಬಾಯಿ ಬಿಟ್ಟು ಬೆಂಕಿಯನ್ನು ಮುಖಕ್ಕೆ ಉಗುಳುತ್ತದೆ, ಆಮೇಲೆ ಏನೂ ಆಗದ ಹಾಗೆ ಮುಚ್ಚಿಕೊಳ್ಳುತ್ತದೆ.

ಅಳಿಯಂದಿರು ಕೆತ್ತನೆಯ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಳಿಸಿದ್ದಾರಲ್ಲ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆ. ಆ ಮೂಲೆಯಲ್ಲಿ ಎಂಟು ಎಲೆಗಳಿವೆ. ಭೂತಗನ್ನಡಿ ಹಿಡಿದು ಮತ್ತೆ ಎಣಿಸಿದೆ, ಎಂಟೇ. ಬೇರೆ ಯಾರೋ ಸೇರಿಸಿರಬೇಕು ಅಂದುಕೊಳ್ಳುವ ಹಾಗೂ ಇಲ್ಲ. ನನ್ನದು ಎಡಗೈ. ಎಲೆಯ ನರವನ್ನು ತುದಿಯಿಂದ ತೊಟ್ಟಿಗೆ ಎಳೆಯುವವಳು ನಾನೊಬ್ಬಳೇ. ಹೆಚ್ಚಿಗೆ ಬಂದ ಮೂರೂ ಹಾಗೇ ಇವೆ. ನನ್ನ ಕೈ ನಡುಗಲು ಶುರುವಾಗಿ ಹತ್ತು ವರ್ಷವಾಯಿತು, ನಿನಗೇ ಗೊತ್ತು. ಕೊನೆಯ ಎಲೆಯ ಗೆರೆಗಳಲ್ಲಿ ಆ ನಡುಕವೂ ಇದೆ.

ಅಳಿಯಂದಿರಿಗೆ ಮಾರಿದ ದಲ್ಲಾಳಿಯನ್ನು ವಿಚಾರಿಸಿದೆ. ಹಿಂದೆ ಇಬ್ಬರ ಕೈಯಲ್ಲಿತ್ತಂತೆ. ಒಬ್ಬರ ಕಣ್ಣುಗಳು ಹೋದವಂತೆ, ಇನ್ನೊಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ಕೋವಿಯನ್ನು ತಂದು ಮಾರಿದರಂತೆ. ಹೆಚ್ಚಿಗೆ ಬಂದ ಎಲೆ ಮೂರು, ಅವನು ಹೇಳುವ ಜನ ಇಬ್ಬರು. ಎಂಟನೆಯ ಎಲೆಯ ಪಕ್ಕದಲ್ಲಿ ಒಂದು ತೊಟ್ಟು ಹೊರಟಿದೆ, ಎಲೆ ಇನ್ನೂ ಬಂದಿಲ್ಲ. ನನಗೆ ತುಂಬ ಭಯವಾಗಿದೆ ಕಂದಾ.

ಅವರು ಇದನ್ನೆಲ್ಲ ಮುದುಕಿಯ ಹುಚ್ಚು ಅಂದರೆ ಅನ್ನಲಿ. ನಳಿಗೆ ಬಿಚ್ಚಿಸಿ ಆ ಮೂಲೆಗೆ ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸು. ಬಿರುಕಿನಿಂದ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅಂತ ಆ ಗೆರೆಯನ್ನು ಕೇಳಬೇಕೇ ಹೊರತು ನನ್ನ ಬಳ್ಳಿಯನ್ನಲ್ಲ.

ನಿನ್ನನ್ನು ಬಿಟ್ಟರೆ ಇನ್ಯಾರೂ ಇಲ್ಲದ,
ಅಮ್ಮ

ಮೇಲೆ ಬರೆಯಲು ಧೈರ್ಯ ಬರದಿದ್ದ ಮಾತು: ದಲ್ಲಾಳಿಗೆ ಗೊತ್ತಿಲ್ಲದ ಆ ಮೂರನೆಯವರು ನಿಮ್ಮಪ್ಪ. ಎದೆನೋವಿನಿಂದ ಹೋದರು ಎಂದು ನಿನಗೆ ಹೇಳಿದ್ದು ಸುಳ್ಳು. ಹಾರಿಸಿ ನೋಡುವ ಮುಂಚೆ, ಮೂಲೆ ಸರಿಯಾಗಿ ನೋಡಿದ್ದೀಯಾ ಅಂತ ಕೇಳಿದರು. ನೋಡಿದೀನಿ, ಚೆನ್ನಾಗಿದೆ ಅಂದೆ. ಮಾರನೆಯ ವಾರ ರಕ್ತ ಒರೆಸಿ ಅದನ್ನು ಮಾರಿದವಳೂ ನಾನೇ. ಒಡೆದು ಹಾಕಬಹುದಿತ್ತು. ಸುತ್ತಿಗೆ ಎತ್ತಿಕೊಂಡೂ ಇದ್ದೆ. ಅಷ್ಟು ಒಳ್ಳೆಯ ಕೆಲಸದ ಮೇಲೆ ಹೊಡೆಯಲು ಅವತ್ತೂ ನನಗೆ ಮನಸ್ಸು ಬರಲಿಲ್ಲ.